ಪದಚರ್ಚೆ: ಹದಿನಾರರ ಪಾತ್ರಕ್ಕೆ ‘ಅವರು’ ಅಂದ್ರೆ ಮೇಷ್ಟ್ರ ಥರ ಕೇಳಿಸುತ್ತೆ, ಬೇರೆ ದಾರಿ ಇದ್ಯಾ?

ಎಲ್ರಿಗೂ ನಮಸ್ಕಾರ. ನಲವತ್ತು ದಾಟಿದ್ರೂ ನಂಗೆ ಯಂಗ್ ಅಡಲ್ಟ್ ಫ್ಯಾಂಟಸಿ ಹುಚ್ಚು ಬಿಟ್ಟಿಲ್ಲ. ಈಚಿನ ಪುಸ್ತಕಗಳಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೋ ಪಾತ್ರಗಳು ಬೇಕಾದಷ್ಟು ಬರ್ತವೆ, ಇಂಗ್ಲಿಷಿನವರು ‘ದೇ’ (they, ನಮ್ಮ ‘ಅವರು’) ಅಂತ ಏಕವಚನಕ್ಕೇ ಹಾಕಿ ಮುಂದೆ ಹೋಗ್ತಾರೆ, ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ ಅದನ್ನೇ ವರ್ಷದ ಪದ ಅಂತ ಆರಿಸಿದ್ರು ಕೂಡ. ಮೊನ್ನೆ ಅಂಥದೊಂದು ಕತೆನ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಕನ್ನಡದಲ್ಲಿ ಹೇಳ್ತಾ ಕೂತಿದ್ದೆ. ಡ್ರ್ಯಾಗನ್ ಎದುರಿಗೆ ಬಂತು, “ಅವರು ಕತ್ತಿ ಎತ್ತಿದ್ರು” ಅಂದೆ.

“ಎಷ್ಟು ಜನ ಚಿಕ್ಕಮ್ಮ?”

ಒಬ್ಬರೇ ಕಣೇ ಅಂದೆ.

“ಓ, ಮೇಷ್ಟ್ರಾ?”

ತೊಡಕು ಇರೋದು ಇಲ್ಲೇ. ನಮ್ಮ ‘ಅವರು’ ಒಬ್ಬರಿಗೂ ಸಲ್ಲುತ್ತೆ ನಿಜ, ಆದ್ರೆ ಜೊತೆಗೆ ಮರ್ಯಾದೆನೂ ಹೊತ್ಕೊಂಡು ಬರುತ್ತೆ, ಹದಿನಾರು ವರ್ಷದ, ಜಗಳಗಂಟ, ಸ್ನಾನ ಮಾಡದ ಪಾತ್ರ ಇದ್ದಕ್ಕಿದ್ದ ಹಾಗೆ ಹಿರಿಯರಾಗಿಬಿಡುತ್ತೆ. (‘ಪಾತ್ರ’ ಅಂತ ಬರೆದು ನಾನೇ ಹೇಗೆ ನಪುಂಸಕಕ್ಕೆ ಜಾರಿಕೊಂಡೆ ನೋಡಿ.)

‘ಅದು’ ಅನ್ನಬಹುದು ಅಂತ ಯಾರಾದ್ರೂ ಹೇಳ್ತೀರಿ, ಗೊತ್ತು. ಮಗು ಬಂತು ಅಂತೀವಿ, ಹವ್ಯಕರಲ್ಲಿ ಮನೆ ಹೆಂಗಸರನ್ನೂ ‘ಅದು’ ಅಂತಲೇ ಅನ್ನೋದು, ತೆಲುಗಲ್ಲಂತೂ ಹೆಂಗಸಿಗೂ ಎಮ್ಮೆಗೂ ಒಂದೇ ‘ವಚ್ಚಿಂದಿ’. ಸ್ಕೂಲ್ ವ್ಯಾಕರಣದಲ್ಲಿ ಸ್ತ್ರೀನಪುಂಸಕ ಲಿಂಗ ಅಂತ ಓದಿದ್ದು ನೆನಪಿರಬೇಕು, ಹುಡುಗಿ ಬಂದಳು, ಹುಡುಗಿ ಬಂದಿತು, ಎರಡೂ ಸರಿ. ಆದ್ರೂ ನಾನು ಒಪ್ಪಲ್ಲ. ಬೀದೀಲಿ, ಬಸ್ಸಲ್ಲಿ ಇಂಥವರನ್ನ ತೋರಿಸಿ ಜನ ನಗೋದೇ ‘ಅದು’ ಅಂತ, ಅದೇ ಪದನ ಕತೆಯ ನಾಯಕಪಾತ್ರಕ್ಕೆ ಅಂಟಿಸೋಕೆ ನನ್ನ ಕೈ ಬರಲ್ಲ.

ಆಮೇಲೆ ‘ತಾನು’ ಹಿಡಿದೆ. ತಾನು, ತನ್ನ, ತನಗೆ, ಲಿಂಗದ ಗೊಡವೆನೇ ಇಲ್ಲ. “ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ತನ್ನ ನೆರಳು ಹೊರಗೇ ನಿಂತಿತ್ತು.” ಚೆನ್ನಾಗೇ ಇದೆ ಅಲ್ವಾ? ಒಂದು ಪುಟ ಹೀಗೇ ಓಡಿಸಬಹುದು. ಆದ್ರೆ ಈ ಕತೆಗಳ ತುಂಬ ಮಾತುಕತೆ, ಹೇಳಿದ, ಹೇಳಿದಳು ಬರಲೇಬೇಕು. ತಪ್ಪಿಸ್ಕೊಳ್ಳೋಕೆ ‘ಅಂತ ಉತ್ತರ ಬಂತು’ ಅಂತ ಹಾಕ್ತಾ ಹೋದೆ, ಆರನೇ ಸಲಕ್ಕೆ ಪೋಸ್ಟಾಫೀಸ್ ಆಯ್ತು. ನಾನು, ನೀನು ಆಗಿದ್ರೆ ಕ್ರಿಯಾಪದಕ್ಕೆ ಲಿಂಗ ಇಲ್ಲ, ‘ಬಂದೆ’ ಅಂದ್ರೆ ಯಾರು ಬೇಕಾದ್ರೂ ಬಂದಿರಬಹುದು, ಹಾಗಾಗಿ ಪಾತ್ರನೇ ತನ್ನ ಕತೆ ಹೇಳೋ ಪುಸ್ತಕ ಸಲೀಸು. ಗೇ ಗಂಡಸಿನ ಕತೆಗೂ ಈ ಕಷ್ಟ ಇಲ್ಲ, ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ (2013) ಅವನು ಅವನೇ. ಪ್ರಥಮ ಪುರುಷದಲ್ಲಿ, ಅಂದ್ರೆ ಅವನು, ಅವಳು ಅನ್ನೋ ಕಡೆ, ಎರಡೂ ಅಲ್ಲದವರು ಬಂದಾಗಲೇ ಕ್ರಿಯಾಪದದ ಬಾಲ ಚುಚ್ಚೋದು. ದೇವರ ದಾಸಿಮಯ್ಯನ ವಚನದಲ್ಲೇ ನೋಡಿ, ನಡುವೆ ಸುಳಿಯೋದು ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನೋ ಜಾಗದಲ್ಲೂ ಇರೋದು ‘ಆತ್ಮನು’!

ಸಲಿಗೆ ಮಾತೂ ಹೀಗೇ. ಕಣೋ, ಕಣೇ, ಮಾರಾಯ, ಮಾರಾಯ್ತಿ. ‘ಮಗಾ’ ಒಂದು ಪರವಾಗಿಲ್ಲ, ಈಗಿನ ಹುಡುಗೀರೂ ಹುಡುಗೀರಿಗೇ ಅಂತಾರೆ.

ಸದ್ಯ ‘ಅವರು’ಗೇ ವಾಪಸ್ ಬಂದಿದೀನಿ. ಕಾರಣ, ನಾಲ್ಕನೇ ಅಧ್ಯಾಯ ಮುಗಿಯೋ ಹೊತ್ತಿಗೆ ಅಕ್ಕನ ಮಗಳು ಫ್ರೆಂಡ್‌ಗೆ ಫೋನಲ್ಲಿ ಕತೆ ಹೇಳ್ತಿದ್ಲು, “ಅವ್ರು ಸಕತ್ ಸೋಂಬೇರಿ ಮಗಾ, ಎದ್ದಿದ್ದೇ ಹನ್ನೊಂದಕ್ಕೆ”. ಮೇಷ್ಟ್ರು ಅದರೊಳಗಿಂದ ಎದ್ದು ಹೋಗಿದ್ರು.

ಉಳಿದಿರೋದು ನಾಮಪದಗಳು, ನಿಮ್ಮನ್ನ ಕೇಳಬೇಕಾಗಿರೋದೂ ಅದನ್ನೇ. ಮಂತ್ರವಾದಿ ಅಂದ್ರೆ ತೊಂದರೆ ಇಲ್ಲ, ಆದ್ರೆ ಆ ಪಾತ್ರ ಇನ್ನೂ ಕಲೀತಿದೆ. ಶಿಷ್ಯ ಅಂದ್ರೆ ಗಂಡು, ಶಿಷ್ಯೆ ಅಂದ್ರೆ ಹೆಣ್ಣು. ‘ಮರಿ ಮಂತ್ರವಾದಿ’ ಅಂತ ಇಟ್ಟಿದೀನಿ, ಮರಿ ಪುಢಾರಿ ಥರ ಕುಚೋದ್ಯ ಕೇಳಿಸುತ್ತಾ? ಇನ್ನು ಜೊತೆಗಾರ-ಜೊತೆಗಾರ್ತಿ, ಬೇಟೆಗಾರ-ಬೇಟೆಗಾರ್ತಿ ಥರದ ‘ಗಾರ’ಗಳಿಗೆ ನಿಮ್ಮೂರ ಕಡೆ ಎರಡಕ್ಕೂ ಸಲ್ಲೋ ಪದ ಏನಾದ್ರೂ ಇದ್ರೆ ತಿಳಿಸಿ, ಭಾನುವಾರ ಐದನೇ ಅಧ್ಯಾಯ ಹೇಳಬೇಕು, ಅದರಲ್ಲಿ ಇಡೀ ಬೇಟೆನೇ ಇದೆ.