ಸಹಾಯ ಬೇಕು: ಮೊದಲ ಡಾಗ್ ಶೋಗೆ ಹೊರಟ ತುಂಟ ಲ್ಯಾಬ್ರಡಾರ್

ಪುಣೆಯ ಕನ್ನಡಿಗರೇ, ಹತ್ತು ತಿಂಗಳ ಲ್ಯಾಬ್ರಡಾರ್ ಗಂಡು. ಕೆನಲ್ ಕ್ಲಬ್ ನೋಂದಣಿ, ಮೈಕ್ರೋಚಿಪ್ ಎಲ್ಲ ಆಗಿದೆ. ಬೇಯಿಸಿದ ಕೋಳಿ ಲಿವರ್ ಕಡಲೆಕಾಳಿನಷ್ಟು ತೋರಿಸಿದರೆ ಸ್ಟ್ಯಾಕ್‌ನಲ್ಲಿ (ಜಡ್ಜ್ ನೋಡಲು ನಾಲ್ಕೂ ಕಾಲು ಸರಿಯಾಗಿ ಊರಿ ಅಲುಗದೆ ನಿಲ್ಲುವ ಭಂಗಿ) ಚೆನ್ನಾಗಿ ನಿಲ್ಲುತ್ತಾನೆ. ತೊಂದರೆ ಓಟದಲ್ಲಿ. ನಿಧಾನವಾದರೆ ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ಪೇಸ್ ಮಾಡುತ್ತಾನೆ. ವೇಗ ಹೆಚ್ಚಿಸಿದರೆ ಟ್ರಾಟ್ (ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಒಟ್ಟಿಗೆ ಎತ್ತುವ, ಶೋಗೆ ಬೇಕಾದ ಓಟ) ಬರುತ್ತದೆ, ಆದರೆ ಜಡ್ಜ್ ಮುಂದೆ ಓಡಬೇಕಾದ ತ್ರಿಕೋನ ದಾರಿಯ ಎರಡನೇ ತಿರುವಿನಲ್ಲಿ ಕುಣಿತ ಶುರು! ಲೀಷ್ ಬಿಗಿ ಹಿಡಿಯಿರಿ ಅನ್ನಬೇಡಿ. ತಲೆ ಮೇಲಕ್ಕೆಳೆದರೆ ಮುಂಗಾಲಿನ ಚಾಚು ಮೊಟಕಾಗಿ ನಡಿಗೆಯೇ ಕೆಡುತ್ತದೆ. ಅಪರಿಚಿತರು ತುಟಿ ಸರಿಸಿ ಹಲ್ಲು ನೋಡಿದರೆ ಮುಖ ನೆಕ್ಕಲು ಹಾರುತ್ತಾನೆ.

ಕೋಥ್ರೂಡ್, ವಾರ್ಜೆ ಕಡೆಯವರು ಭಾನುವಾರ ಬೆಳಗ್ಗೆ ಜಡ್ಜ್ ಥರ ಹಲ್ಲು, ಬೆನ್ನು, ವೃಷಣ ಮುಟ್ಟಿ ನೋಡಿಕೊಡುವಿರಾ? ಐದು ನಿಮಿಷ ಸಾಕು. ಹಿಂದೆಮುಂದೆ ಓಡಲು ನಿಮ್ಮ ನಾಯಿಯನ್ನೂ ಕರೆತಂದರೆ ಇನ್ನೂ ಒಳ್ಳೆಯದು, ಲಸಿಕೆ ಆಗಿರಲಿ.