ಇನ್ನು ಹತ್ತುವ ಹಾಗಿಲ್ಲ, ಆದರೂ ಈ ಕುದುರೆಯನ್ನು ಮನೆಗೆ ತರಲಾ?

ಹಣೆಚುಕ್ಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನಗೆ ಈಗ 51 ವರ್ಷ. ನಾಲ್ಕೈದು ವರ್ಷದವಳಿದ್ದಾಗಿನಿಂದ ಕುದುರೆ ಅಂದರೆ ಪ್ರಾಣ. ಮನೆಯಲ್ಲಿ ಬೇರೆ ಯಾರಿಗೂ ಈ ಹುಚ್ಚು ಇಲ್ಲ, ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೆಲ್ಲ ಕುದುರೆ ಬರೆಯುತ್ತಿದ್ದೆ, ಹಿಂಗಾಲಿನ ಮಡಿಕೆ ಮಾತ್ರ ಎಷ್ಟು ಅಳಿಸಿ ಬರೆದರೂ ಸರಿ ಬರುತ್ತಿರಲಿಲ್ಲ. ಸವಾರಿ ಕಲಿಯಲು ಅವಕಾಶ ಸಿಕ್ಕಿದ್ದು 43ಕ್ಕೆ. ಆಮೇಲೆ ಎಂಟು ವರ್ಷ, ವಾರಕ್ಕೆ ಎರಡು ದಿನ, ಹೆಚ್ಚುಕಡಿಮೆ ಒಂದೇ ಕುದುರೆಯ ಮೇಲೆ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ಬಿಳಿ ಚುಕ್ಕಿ. ಅವಳಿಗೆ ಈಗ 21.

ಕಳೆದ ತಿಂಗಳು ಅವಳನ್ನು ನೋಡಿದ ವೈದ್ಯರು ಹಿಂಗಾಲಿನ ಕೀಲುಗಳಲ್ಲಿ ಸಂಧಿವಾತ ಜಾಸ್ತಿಯಾಗಿದೆ, ಇನ್ನು ಯಾರೂ ಹತ್ತಬಾರದು ಎಂದರು. ಬಯಲಲ್ಲಿ ಓಡಾಡಿಕೊಂಡು ಇನ್ನೂ ಕೆಲವು ವರ್ಷ ಚೆನ್ನಾಗಿಯೇ ಇರಬಹುದಂತೆ. ಆದರೆ ಸವಾರಿ ಕಲಿಸುವ ಜಾಗದಲ್ಲಿ ಕೆಲಸ ಮಾಡದ ಕುದುರೆಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ನೀವು ತೆಗೆದುಕೊಳ್ಳುತ್ತೀರಾ ಎಂದು ನನ್ನನ್ನೇ ಮೊದಲು ಕೇಳಿದ್ದಾರೆ. ಮನೆಯ ಹಿಂದೆ ಬೇಲಿ ಹಾಕಿದ ಹುಲ್ಲಿನ ಜಾಗ ಇದೆ, ಒಂದು ಕುದುರೆಗೆ ಸಾಕು.

ಜೀವಮಾನವಿಡೀ ಸ್ವಂತ ಕುದುರೆ ಬೇಕು ಅಂದುಕೊಂಡವಳು ನಾನು. ಈಗ ಎದುರಿಗೆ ಬಂದು ನಿಂತಾಗ ಹೆದರಿಕೆ ಆಗುತ್ತಿದೆ. ನಾನು ಇಷ್ಟು ವರ್ಷ ಪ್ರೀತಿಸಿದ್ದು ಕುದುರೆಯನ್ನಾ ಅಥವಾ ಸವಾರಿಯನ್ನಾ? ಹತ್ತುವುದೇ ಇಲ್ಲ ಅಂದ ಮೇಲೆ ದಿನಾ ಬೆಳಿಗ್ಗೆ ಸಂಜೆ ಏನಿರುತ್ತದೆ, ಬರೀ ಲದ್ದಿ ಎತ್ತುವುದಾ? ಹತ್ತದ ಕುದುರೆಗಳ ಜೊತೆ ಬದುಕುತ್ತಿರುವವರು ಇದ್ದರೆ ನಿಜ ಹೇಳಿ.

ಹಳೇಲಾಯ:

ಹಣೆಚುಕ್ಕಿ ಅವರೇ, ನಾನು ಕುದುರೆಗಳ ಜೊತೆ 30 ವರ್ಷಕ್ಕಿಂತ ಜಾಸ್ತಿ ಇದ್ದೇನೆ. ಈಗ ಮೂರು ಇವೆ, ಅದರಲ್ಲಿ ಎರಡರ ಮೇಲೆ ಜೀನು ಹಾಕಿ ವರ್ಷಗಳಾದವು. ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ಮಾತು. ಅವಳನ್ನು ಒಂಟಿಯಾಗಿ ಇಡಬೇಡಿ. ಜಾಗ ಒಂದಕ್ಕೆ ಸಾಕು ಅಂದಿರಲ್ಲ, ಅದನ್ನು ಓದಿ ಕಸಿವಿಸಿ ಆಯಿತು. ಕುದುರೆ ಹಿಂಡಿನ ಪ್ರಾಣಿ. ಇನ್ನೊಂದು ಕುದುರೆ ಕಾವಲಿಗೆ ನಿಂತಿದ್ದರೆ ಮಾತ್ರ ಅದಕ್ಕೆ ನೆಮ್ಮದಿಯಾಗಿ ಮಲಗಲು ಧೈರ್ಯ ಬರುತ್ತದೆ. ನೀವು ಎಷ್ಟೇ ಪ್ರೀತಿ ಮಾಡಿ, ರಾತ್ರಿ ಎರಡು ಗಂಟೆಗೆ ನೀವು ಅಲ್ಲಿ ಇರುವುದಿಲ್ಲ ಅಲ್ವಾ. ಜೊತೆಗೆ ಇನ್ನೊಂದು ಕುದುರೆ ಇರುವ ಜಾಗ ಹುಡುಕಿ, ಉಳಿದದ್ದೆಲ್ಲ ಆಮೇಲೆ.

ಇನ್ನು ದಿನಚರಿ. ಬೆಳಿಗ್ಗೆ ನಾನು ಗೇಟಿನ ಹತ್ತಿರ ಹೋಗಿ ಸುಮ್ನೆ ಎರಡು ನಿಮಿಷ ನಿಲ್ಲುತ್ತೇನೆ. ಕರೆಯುವುದಿಲ್ಲ. ನಾನು ಬಂದದ್ದು ಗೊತ್ತಾದ ಕೂಡಲೇ ಅವು ನಡವಳಿಕೆ ಬದಲಾಯಿಸುತ್ತವೆ, ಅದಕ್ಕಿಂತ ಮೊದಲು ಹೇಗಿದ್ದವು ಎಂದು ನೋಡಬೇಕು. ಒಂದು ಹಿಂಗಾಲನ್ನು ಸಡಿಲ ಬಿಟ್ಟು ನಿಂತಿದ್ದರೆ ಅದು ವಿಶ್ರಾಂತಿ, ಚಿಂತೆ ಇಲ್ಲ. ಮುಂಗಾಲನ್ನು ಮುಂದೆ ಚಾಚಿ ಭಾರ ಹಾಕದೆ ನಿಂತಿದ್ದರೆ ಅಲ್ಲಿ ನೋವಿದೆ. ಆಮೇಲೆ ಲದ್ದಿ. ಬರೀ ಲದ್ದಿ ಎತ್ತುವುದಾ ಎಂದು ಕೇಳಿದ್ದೀರಿ, ನನಗೆ ದಿನದ ಅತಿ ಮುಖ್ಯ ಸುದ್ದಿ ಅಲ್ಲೇ ಸಿಗುವುದು. ಆರೋಗ್ಯವಾಗಿರುವ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ರಾತ್ರಿಯದು ಎಣಿಸಿದಾಗ ಕಡಿಮೆ ಇದ್ದರೆ, ಉಂಡೆ ಚಿಕ್ಕದಾಗಿ ಒಣಗಿದ್ದರೆ, ನಾನು ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ನೀರಿನ ತೊಟ್ಟಿಯಲ್ಲಿ ಎಷ್ಟು ಇಳಿದಿದೆ ಎಂದೂ ನೋಡುತ್ತೇನೆ, ದೊಡ್ಡ ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಸೆಕೆ ಇದ್ದರೆ ಇನ್ನೂ ಜಾಸ್ತಿ.

ಗೊರಸು ದಿನಾ ಕೆರೆಯಬೇಕು. ಹಿಮ್ಮಡಿ ಕಡೆಯಿಂದ ಮುಂದಕ್ಕೆ, ನಡುವೆ ತ್ರಿಕೋನದ ಹಾಗಿರುವ ಮೆತ್ತನೆ ಭಾಗಕ್ಕೆ ಪೆಟ್ಟಾಗದ ಹಾಗೆ. ಅಲ್ಲಿ ಕಪ್ಪಗೆ ಕೊಳೆತು ನಾತ ಹೊಡೆದರೆ ಹಸಿ ಜಾಸ್ತಿಯಾಗಿದೆ ಎಂದು ಅರ್ಥ. ಲಾಳ ಇಲ್ಲದಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು ಬರಲೇಬೇಕು. ನಿಮ್ಮವಳಿಗೆ ಹಿಂಗಾಲು ಮಡಿಸಿ ಹಿಡಿದರೆ ನೋವಾಗಬಹುದು, ಆದ್ದರಿಂದ ಎತ್ತರಕ್ಕೆ ಎತ್ತಬೇಡಿ, ನೆಲದಿಂದ ಸ್ವಲ್ಪ ಮಾತ್ರ, ನಡುವೆ ಒಂದೆರಡು ಸಲ ಇಳಿಸಿ.

ಮೇವಿನ ವಿಷಯ. ಮೈ ಎಷ್ಟೇ ದೊಡ್ಡದಿದ್ದರೂ ಕುದುರೆಯ ಜಠರ ಚಿಕ್ಕದು, ಆದರೆ ಅದರಲ್ಲಿ ಆಮ್ಲ ದಿನವಿಡೀ ಊರುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಇದ್ದರೆ ಹುಣ್ಣಾಗುತ್ತದೆ. ಆದ್ದರಿಂದ ಎರಡು ಹೊತ್ತು ತುಂಬ ಹಾಕುವುದಕ್ಕಿಂತ ಬಾಯಿ ಸದಾ ಆಡುತ್ತಿರುವ ಹಾಗೆ ನೋಡಿಕೊಳ್ಳಿ. ದಿನಕ್ಕೆ ಮೈತೂಕದ ನೂರಕ್ಕೆ ಎರಡು ಪಾಲು ಒಣಹುಲ್ಲು, ಅಂದರೆ 450 ಕಿಲೋ ಕುದುರೆಗೆ ಸುಮಾರು 9 ಕಿಲೋ. ಕಾಳು ಕಡಿಮೆ ಇರಲಿ, ಮೈ ಬಂದರೆ ಆ ಭಾರ ಬೀಳುವುದು ಅದೇ ನೋಯುವ ಕೀಲುಗಳ ಮೇಲೆ. 21 ಅಂದರೆ ಹಲ್ಲು ಸವೆದಿರುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆಗಳು ನೆಲದಲ್ಲಿ ಬಿದ್ದಿದ್ದರೆ ಹಲ್ಲು ನೋಡಿಸಿ, ಮೇವು ನೆನೆಸಿ ಕೊಡಿ.

ಇಷ್ಟೆಲ್ಲ ಮಾಡಿ ಮುಗಿಸುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಜೀನು ಹಾಕುತ್ತಿದ್ದ ಕಾಲದಲ್ಲಿ ಇದನ್ನೆಲ್ಲ ಬೇಗ ಬೇಗ ಮುಗಿಸುತ್ತಿದ್ದೆ. ಎಷ್ಟು ನೋಡದೆ ಬಿಟ್ಟಿದ್ದೆ ಎಂದು ಈಗ ತಿಳಿಯುತ್ತಿದೆ.

ಬೂದುಕುದುರೆ:

ನಾನು ಇನ್ನೊಂದು ಕಡೆಯನ್ನು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನೂ ಹೀಗೇ ಒಬ್ಬ ಮುದುಕನನ್ನು ಮನೆಗೆ ತಂದೆ, ಅವನಿಗಾಗ 22. ಮೊದಲ ವರ್ಷ ಸ್ವರ್ಗ. ಎರಡನೇ ವರ್ಷ ಒಂದು ಸಂಜೆ ಮೇವಿಗೆ ಬಾಯಿ ಹಾಕಲಿಲ್ಲ. ತಿರುಗಿ ತಿರುಗಿ ತನ್ನ ಹೊಟ್ಟೆಯ ಕಡೆಯೇ ನೋಡುತ್ತಿದ್ದ, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ, ಮಲಗುವುದು ಏಳುವುದು ಮಲಗುವುದು. ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ, ಸಣ್ಣ ಕರುಳೇ ಇಪ್ಪತ್ತು ಮೀಟರ್ ಉದ್ದ. ಎಲ್ಲಿ ಕಟ್ಟಿದೆ, ಎಲ್ಲಿ ತಿರುಚಿದೆ ಎಂದು ಹೊರಗಿನಿಂದ ಹೇಗೆ ಹೇಳುವುದು? ನಾನು ಬೆಳಗಾಗಲಿ ಎಂದು ಎರಡು ಗಂಟೆ ಕಾದೆ. ಕಾಯಬಾರದಿತ್ತು. ವೈದ್ಯರು ಬಂದು ಮೂಗಿನಿಂದ ಕೊಳವೆ ಹಾಕಿ, ಔಷಧಿ ಕೊಟ್ಟು, ಬೆಳಿಗ್ಗೆ ಐದಕ್ಕೆ ಅವನು ಲದ್ದಿ ಹಾಕಿದಾಗ ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ.

ಆ ಸಲ ಉಳಿದ. ಎರಡು ವರ್ಷದ ನಂತರ ಮತ್ತೆ ಬಂದಾಗ ಉಳಿಯಲಿಲ್ಲ, ನೋವು ಮುಗಿಸುವ ನಿರ್ಧಾರವನ್ನು ನಾನೇ ಮಾಡಬೇಕಾಯಿತು.

ಹಾಗಾಗಿ ತರುವ ಮೊದಲೇ ಕೂತು ಯೋಚಿಸಿ. ರಾತ್ರಿ ಕರೆದರೆ ಬರುವ ವೈದ್ಯರು ಯಾರು? ನಿಮಗೇ ಜ್ವರ ಬಂದು ಮಲಗಿದರೆ ಯಾರು ನೋಡುತ್ತಾರೆ? ಈ ವಯಸ್ಸಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ ಇಲ್ಲವಾ? ಆ ರಾತ್ರಿ ಕೈ ನಡುಗುತ್ತಿರುವಾಗ ಇದನ್ನೆಲ್ಲ ಯೋಚಿಸಲು ಆಗುವುದಿಲ್ಲ. ಅವಳು ಚೆನ್ನಾಗಿರುವ ದಿನವೇ ಅವಳ ಲೆಕ್ಕ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಸುಮ್ಮನೆ ನಿಂತಿರುವಾಗ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಜ್ವರದ ಕಡ್ಡಿಯಲ್ಲಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಅವಳದ್ದು ಇದರಲ್ಲಿ ಎಲ್ಲಿ ಎಂದು ಗೊತ್ತಿದ್ದರೆ ಫೋನಿನಲ್ಲಿ ವೈದ್ಯರಿಗೆ ಸರಿಯಾಗಿ ಹೇಳಬಹುದು. ನಾಡಿ ಕೆಳದವಡೆಯ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ, ಹುಡುಕಲು ಅಭ್ಯಾಸ ಬೇಕು.

ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನನ್ನು ಕೇಳಿದರೆ ಅವನನ್ನು ಇನ್ನೊಮ್ಮೆ ತರುತ್ತಿದ್ದೆ.

ಗರಿಕೆ:

ಮೇಲಿನ ಇಬ್ಬರೂ ಹೇಳದ ಒಂದು ವಿಷಯ, ಸಂಧಿವಾತ ಇರುವುದರಿಂದ ಇದು ಮುಖ್ಯ. ಕುದುರೆ ನಿಂತೇ ತೂಕಡಿಸುತ್ತದೆ, ಮಂಡಿ ಬೀಗ ಹಾಕಿದ ಹಾಗೆ ನಿಲ್ಲುತ್ತದೆ, ಎಲ್ಲರಿಗೂ ಗೊತ್ತು. ಆದರೆ ಕನಸು ಬೀಳುವ ಆಳವಾದ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಸಾಕು, ಆದರೆ ಅದು ಬೇಕೇ ಬೇಕು. ಕೀಲು ನೋಯುವ ಕುದುರೆ ಮಲಗಿದರೆ ಏಳಲು ಆಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಮಲಗುವುದನ್ನೇ ಬಿಟ್ಟುಬಿಡುತ್ತದೆ. ಕೆಲವು ದಿನ ಕಳೆದರೆ ನಿಂತಲ್ಲೇ ನಿದ್ದೆಗೆ ಜಾರಿ ಮುಂಗಾಲು ಕುಸಿಯುತ್ತದೆ. ಮುಂಗಾಲಿನ ಕೀಲುಗಳ ಮುಂಭಾಗದಲ್ಲಿ ತರಚಿದ ಗಾಯ ಕಂಡರೆ ಇದೇ ಕಾರಣ ಇರಬಹುದು. ನಮ್ಮವನಿಗೆ ಹಾಗಾದಾಗ ಎಲ್ಲೋ ಕಲ್ಲು ತಾಗಿರಬೇಕು ಎಂದು ನಾವು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಿದ್ದೆವು.

ಬೆಳಿಗ್ಗೆ ಅವಳ ಮೈಗೆ ಒಂದು ಕಡೆ ಕೆಸರೋ ಹುಲ್ಲೋ ಮೆತ್ತಿದ್ದರೆ ಖುಷಿಪಡಿ, ಮಲಗಿದ್ದಾಳೆ ಎಂದು ಅರ್ಥ. ಮೆತ್ತನೆಯ ಒಣ ಜಾಗ, ಏಳುವಾಗ ಕಾಲು ಜಾರದ ನೆಲ, ಅಕ್ಕಪಕ್ಕ ಧಾರಾಳ ಜಾಗ, ಇಷ್ಟು ನೋಡಿಕೊಳ್ಳಿ. ಮಲಗುವುದು ನಿಂತರೆ ನೋವಿನ ಔಷಧಿ ಸಾಲುತ್ತಿಲ್ಲ ಎಂದು ವೈದ್ಯರಿಗೆ ಹೇಳಿ.

ಕಾಲ್ನಡಿಗೆ:

ನನ್ನ ಹತ್ತಿರ ಸ್ವಂತ ಕುದುರೆ ಇಲ್ಲ. ಕೆಲಸ ಬಿಟ್ಟ ಕುದುರೆಗಳನ್ನು ಸಾಕುವ ಒಂದು ಕಡೆ ವಾರಕ್ಕೆ ಮೂರು ದಿನ ಹೋಗಿ ಕೆಲಸ ಮಾಡುತ್ತೇನೆ. ಬೆನ್ನಿನ ತೊಂದರೆಯಿಂದ ಸವಾರಿ ನನಗೇ ನಿಂತು ಒಂಬತ್ತು ವರ್ಷ ಆಯಿತು. ಪ್ರೀತಿಸಿದ್ದು ಯಾವುದನ್ನು ಎಂದು ಕೇಳಿದ್ದೀರಲ್ಲ, ನಾನೂ ಅದನ್ನು ಕೇಳಿಕೊಂಡವನು.

ಸವಾರಿ ನನಗೆ ಈಗಲೂ ನೆನಪಾಗುತ್ತದೆ, ಸುಳ್ಳು ಹೇಳುವುದಿಲ್ಲ. ನಾಗಾಲೋಟಕ್ಕೆ ಬಿಟ್ಟಾಗ ನಾಲ್ಕೂ ಕಾಲು ನೆಲ ಬಿಡುವ ಆ ಗಳಿಗೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಬೆನ್ನ ಮೇಲೆ ಕೂತಾಗ ನಾನು ಅದರ ಮುಖ ನೋಡಿರಲೇ ಇಲ್ಲ. ಈಗ ಪಕ್ಕದಲ್ಲಿ ಹಗ್ಗ ಹಿಡಿದು ನಡೆಯುತ್ತೇನೆ. ನಿಮ್ಮವಳಿಗೂ ಇದು ಒಳ್ಳೆಯದು, ಕೀಲುನೋವಿನ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಿದರೆ ಇನ್ನೂ ಸೆಟೆದುಕೊಳ್ಳುತ್ತದೆ, ನಿಧಾನವಾಗಿ ನಡೆಯುತ್ತಿದ್ದರೆ ಸಡಿಲ ಇರುತ್ತದೆ. ಕುತ್ತಿಗೆ ಬೆನ್ನಿಗೆ ಸೇರುವಲ್ಲಿ ಉಬ್ಬು ಇದೆಯಲ್ಲ, ಅಲ್ಲಿ ಬೆರಳಿನಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆಯುವುದು ಅಲ್ಲೇ. ಅಲ್ಲಿ ಕೆರೆದರೆ ನಾಡಿಯೇ ನಿಧಾನವಾಗುತ್ತದೆ. ಮೇಲ್ತುಟಿ ಉದ್ದ ಮಾಡಿ ಅದುರಿಸಿದರೆ ಸರಿಯಾದ ಜಾಗ ಸಿಕ್ಕಿತು ಎಂದು ತಿಳಿಯಿರಿ. ಕೆಲವು ತಿರುಗಿ ನಿಮ್ಮ ಭುಜವನ್ನೂ ಕೆರೆಯಲು ಬರುತ್ತವೆ, ಅದು ಪ್ರೀತಿ, ಆದರೆ ಹಲ್ಲು ತಾಗದ ಹಾಗೆ ಮುಖವನ್ನು ಮೆಲ್ಲಗೆ ಸರಿಸಿ.

ಒಂದು ಎಚ್ಚರ. ಹೆದರಿಕೆ ಇಟ್ಟುಕೊಂಡು ಹತ್ತಿರ ಹೋದರೆ ಅವಳಿಗೆ ತಿಳಿಯುತ್ತದೆ. ಜರ್ಮನಿಯಲ್ಲಿ ನೂರು ವರ್ಷದ ಹಿಂದೆ ಹ್ಯಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೇಳಿದರೆ ಕಾಲು ಕುಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬವರು ಪರೀಕ್ಷೆ ಮಾಡಿ ಅದಕ್ಕೆ ಲೆಕ್ಕ ಬರುವುದಿಲ್ಲ ಎಂದು ತೋರಿಸಿದರು. ಉತ್ತರ ಬಂದ ಕೂಡಲೇ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಲೆಕ್ಕ ಬರದಿದ್ದರೆ ಏನಂತೆ, ಮನುಷ್ಯರನ್ನು ಅಷ್ಟು ಹತ್ತಿರದಿಂದ ಓದುವ ಪ್ರಾಣಿ ಅದು ಎಂದು ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಹಣೆಚುಕ್ಕಿ:

ಎಲ್ಲರಿಗೂ ತುಂಬ ಧನ್ಯವಾದ. ಬೂದುಕುದುರೆ ಅವರೇ, ನಿಮ್ಮದನ್ನು ಎರಡು ಸಲ ಓದಿದೆ, ಆ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟೆ. ಕೊನೆಯದನ್ನು ಬರೆಯಲು ಒಂದು ದಿನ ಹಿಡಿಯಿತು.

ನಿನ್ನೆ ಸವಾರಿಯ ಬಟ್ಟೆ ಹಾಕದೆ ಅಲ್ಲಿಗೆ ಹೋದೆ. ಎಂಟು ವರ್ಷದಲ್ಲಿ ಇದೇ ಮೊದಲು. ಕರೆಯದೆ ದೂರದಲ್ಲೇ ನಿಂತು ನೋಡಿದೆ. ಎಡಗಡೆ ಹೊಟ್ಟೆಗೂ ಕೆನ್ನೆಗೂ ಒಣಗಿದ ಮಣ್ಣು ಮೆತ್ತಿತ್ತು! ಆಮೇಲೆ ಆ ಉಬ್ಬಿನ ಹತ್ತಿರ ಕೆರೆದೆ. ತುಟಿ ಉದ್ದವಾಯಿತು, ಕಣ್ಣು ಅರ್ಧ ಮುಚ್ಚಿತು, ನಾನು ಕೈ ತೆಗೆದರೆ ತಾನೇ ಒಂದು ಹೆಜ್ಜೆ ಹತ್ತಿರ ಬಂದು ನಿಂತಳು. ಇಷ್ಟು ವರ್ಷ ಅದೇ ಜಾಗದ ಮೇಲೆ ಜೀನಿನ ಬಟ್ಟೆ ಹಾಸಿದ್ದೇನೆ, ಒಮ್ಮೆಯೂ ಕೆರೆದಿರಲಿಲ್ಲ. ಒಂದೂವರೆ ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ.

ಅವಳನ್ನು ತರುತ್ತಿದ್ದೇನೆ. ಮನೆಯ ಹಿಂದೆ ಅಲ್ಲ, ಪರಿಚಯದವರ ಬಯಲಿಗೆ, ಅಲ್ಲಿ 18 ವರ್ಷದ ಒಂದು ಗಂಡು ಕುದುರೆ ಜೊತೆಗಾರನನ್ನು ಕಳೆದುಕೊಂಡು ಒಂಟಿಯಾಗಿದೆ. ಬೆಳಿಗ್ಗೆ ನಾನು, ಸಂಜೆ ಅವರು. ಹಳೇಲಾಯ ಅವರೇ, ಮೊದಲ ದಿನವೇ ಎರಡನ್ನೂ ಒಟ್ಟಿಗೆ ಬಿಡಬಹುದಾ?

ಹಳೇಲಾಯ:

ಬೇಡ. ಕೆಲವು ದಿನ ಬೇಲಿಯ ಆಚೆ ಈಚೆ ಇರಲಿ. ಮೂಗಿಗೆ ಮೂಗು ತಾಗಿಸಿ ಕೀರಲು ದನಿಯಲ್ಲಿ ಕೂಗಬಹುದು, ಕಾಲು ಅಪ್ಪಳಿಸಬಹುದು, ಗಾಬರಿ ಬೇಡ. ಪಕ್ಕಪಕ್ಕ ನಿಂತು ಮೇಯಲು ಶುರು ಮಾಡಿದ ಮೇಲೆ ಒಟ್ಟಿಗೆ ಬಿಡಿ. ಅದಕ್ಕೆ ಮೊದಲು ಎರಡರದ್ದೂ ಹಿಂಗಾಲಿನ ಲಾಳ ತೆಗೆಸಿ, ಒದ್ದರೆ ಪೆಟ್ಟು ಕಡಿಮೆ. ಅವಳು ಬೇಗ ತಿರುಗಿ ತಪ್ಪಿಸಿಕೊಳ್ಳಲಾರಳು, ಆದ್ದರಿಂದ ಸಿಕ್ಕಿಬೀಳುವ ಮೂಲೆ ಇರಬಾರದು. ಹುಲ್ಲನ್ನು ಎರಡು ಗುಡ್ಡೆ ಹಾಕಬೇಡಿ, ಮೂರು ಹಾಕಿ, ದೂರ ದೂರ. ಒಂದರಿಂದ ಓಡಿಸಿದರೆ ಇನ್ನೊಂದಕ್ಕೆ ಹೋಗಲಿ. ಮೊದಲ ದಿನ ಮಧ್ಯಾಹ್ನದವರೆಗಾದರೂ ಅಲ್ಲೇ ಇರಿ.