ಯಾರ್ಕ್‌ನಲ್ಲಿ ಒಂದು ರಾತ್ರಿ ಉಳಿಯಿರಿ ಚಿಕ್ಕಮ್ಮ

ಚಿಕ್ಕಮ್ಮ, ಸ್ಪೀಕರ್ ಆನ್ ಮಾಡಿ, ಚಿಕ್ಕಪ್ಪನೂ ಕೇಳಿಸಿಕೊಳ್ಳಲಿ. ಲಂಡನ್ನಿಗೆ ಮಗಳ ಮನೆಗೆ ಬಂದಾಗ ಒಂದು ಶನಿವಾರ ಯಾರ್ಕ್ ನೋಡಿಕೊಂಡು ಸಂಜೆಗೆ ವಾಪಸ್ ಬಂದರೆ ಸಾಕಲ್ವಾ, ಊಟಕ್ಕೇನು, ಪಬ್ಬಿಗೆಲ್ಲ ನಮ್ಮಂಥವರು ಹೋಗಬಹುದಾ ಅಂತ ಕೇಳಿದ್ದಿರಿ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳುತ್ತೇನೆ.

ಸಂಜೆಗೇ ವಾಪಸ್ ಬರಬೇಡಿ. ಒಂದು ರಾತ್ರಿ ಉಳಿಯಿರಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಅದಕ್ಕೇ ಜನ ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ಅವರೆಲ್ಲ ಹೋದ ಮೇಲೆ ಆ ಊರಿನ ಸಣ್ಣ ಬೀದಿಗಳಲ್ಲಿ ಓಡಾಡುವ ಸುಖವೇ ಬೇರೆ. ನಿಮ್ಮಿಬ್ಬರಿಗೂ 60 ದಾಟಿದೆ, ಸೀನಿಯರ್ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಇದ್ದರೆ ಸಾಕು, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಬುಕ್ ಮಾಡುವ ಮೊದಲು ಆ ಶನಿವಾರ ಕುದುರೆ ರೇಸ್ ಇದೆಯಾ ನೋಡಿ. ಇದ್ದರೆ ಬೇರೆ ವಾರ ಇಟ್ಟುಕೊಳ್ಳಿ. ರೇಸ್ ದಿನ ಹೋಟೆಲ್ ರೇಟೂ ಜಾಸ್ತಿ, ಪಬ್ಬುಗಳಲ್ಲಿ ಗಲಾಟೆಯೂ ಜಾಸ್ತಿ.

ಚಿಕ್ಕಪ್ಪ, ಮೈಸೂರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವರು ನೀವು. ಸ್ಟೇಷನ್ ಪಕ್ಕದಲ್ಲೇ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಅಲ್ಲಿ ಮಲ್ಲಾರ್ಡ್ ಅನ್ನುವ ನೀಲಿ ಇಂಜಿನ್ ನಿಂತಿದೆ. 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿದ್ದು. ಉಗಿ ಇಂಜಿನ್‌ಗಳಲ್ಲಿ ಆ ದಾಖಲೆ ಇವತ್ತಿಗೂ ಅದರದ್ದೇ. ಎದುರಿಗೆ ನಿಂತರೆ ಅದರ ಚಕ್ರ ನಿಮ್ಮ ಎತ್ತರಕ್ಕಿಂತ ಹೆಚ್ಚು. ನಿಮಗೆ ಅಲ್ಲಿ ಅರ್ಧ ದಿನ ಸಾಲುವುದಿಲ್ಲ, ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಮಿನ್‌ಸ್ಟರ್ ಚರ್ಚ್ ಮಾತ್ರ ಶನಿವಾರವೇ ನೋಡಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ನೋಡಲು ಬಿಡುವುದು ಮಧ್ಯಾಹ್ನದ ಮೇಲೆ. ಒಳಗೆ ಪೂರ್ವದ ಗೋಡೆ ತುಂಬಾ ಬಣ್ಣದ ಗಾಜಿನ ಕಿಟಕಿ. 1405ರಿಂದ 1408ರೊಳಗೆ ಮಾಡಿದ್ದು, ಹೆಚ್ಚುಕಮ್ಮಿ ಟೆನಿಸ್ ಕೋರ್ಟ್ ಅಷ್ಟು ದೊಡ್ಡದು. ಬೆಳಿಗ್ಗೆ ಬಿಸಿಲಿದ್ದಾಗ ಹೋಗಿ, ಕೆಳಗೆ ಕುಳಿತು ಸುಮ್ನೆ ನೋಡಿ. ಆಮೇಲೆ ಊರಿನ ಹಳೇ ಕೋಟೆ ಗೋಡೆ ಮೇಲೆ ನಡೆಯಬಹುದು. ಪೂರ್ತಿ ಮೂರೂವರೆ ಕಿಲೋಮೀಟರ್ ಹತ್ತಿರ. ಚಿಕ್ಕಮ್ಮನಿಗೆ ಮಂಡಿ ನೋವು, ಅಷ್ಟೆಲ್ಲ ಬೇಡ. ಬೂಥಮ್ ಬಾರ್‌ನಿಂದ ಮಂಕ್ ಬಾರ್ ತನಕದ ತುಂಡು ಸಾಕು (ಇಲ್ಲಿ ಬಾರ್ ಅಂದರೆ ಕೋಟೆ ಬಾಗಿಲು), ಚರ್ಚ್ ಚೆನ್ನಾಗಿ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಜೋಪಾನ.

ಶಾಂಬಲ್ಸ್ ಅನ್ನುವ ಓಣಿಯನ್ನೂ ನೋಡಿ. ಹಿಂದೆ ಕಸಾಯಿ ಅಂಗಡಿಗಳ ಬೀದಿ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಕೆಲವು ಕಡೆ ಇನ್ನೂ ಇವೆ. ತುಂಬಾ ಜನ, ಬೇಗ ಮುಗಿಸಿ.

ಈಗ ಊಟ. ಚಿಕ್ಕಮ್ಮ, ಇದನ್ನು ಗಮನವಿಟ್ಟು ಕೇಳಿ. ಯಾರ್ಕ್‌ಶೈರ್ ಕಡೆ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಅದು ಅಲ್ಲಿಯ ಪದ್ಧತಿ. ಯಾವ ಎಣ್ಣೆ ಅಂತ ಕೇಳದೆ ತಿನ್ನಬೇಡಿ. ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿತಿಂಡಿ ಅಲ್ಲ. ಮೈದಾ, ಹಾಲು, ಮೊಟ್ಟೆ ಕಲಸಿ ಓವನ್‌ನಲ್ಲಿ ಉಬ್ಬಿಸಿದ್ದು, ನಿಮಗೆ ಆಗುವುದಿಲ್ಲ. ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್, ಚೀಸ್ ಹಾಕಿ ಕೊಡುತ್ತಾರೆ. ಜಾಕೆಟ್ ಪೊಟೇಟೊ ಅಂತ ಕೇಳಿ. ಚಟ್ನಿಪುಡಿ ಡಬ್ಬಿ ಬ್ಯಾಗಲ್ಲಿರಲಿ.

ಪಬ್ಬಿಗೆ ಖಂಡಿತ ಹೋಗಿ. ಅದು ನಮ್ಮೂರಿನ ಬಾರಿನ ಹಾಗೆ ಕತ್ತಲೆ ಕೋಣೆ ಅಲ್ಲ. ಅಜ್ಜ ಅಜ್ಜಿ ಬರುತ್ತಾರೆ, ನಾಯಿ ಕರೆದುಕೊಂಡು ಬರುತ್ತಾರೆ, ಒಂದು ಟೀ ಹಿಡಿದು ಪೇಪರ್ ಓದುತ್ತಾ ಕೂರುವವರೂ ಇರುತ್ತಾರೆ. ಮೇಜಿನ ಹತ್ತಿರ ಬಂದು ಯಾರೂ ಕೇಳದಿದ್ದರೆ ಕಾಯುತ್ತಾ ಕೂರಬೇಡಿ. ಸಾಮಾನ್ಯವಾಗಿ ನೀವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ತರಬೇಕು. ಟಿಪ್ಸ್ ಬೇಡ. ಚಿಕ್ಕಮ್ಮ, ನೀವು ಲೈಮ್ ಅಂಡ್ ಸೋಡಾ ಕೇಳಿ. ಚಿಕ್ಕಪ್ಪ, ನೀವು ಹ್ಯಾಂಡ್ ಪಂಪಿನಲ್ಲಿ ಎಳೆದು ಕೊಡುವ ಏಲ್ ಅನ್ನುವ ಬಿಯರ್ ಅರ್ಧ ಪೈಂಟ್ ತಗೊಳ್ಳಿ. ನಮ್ಮ ಬಿಯರಿನಷ್ಟು ತಣ್ಣಗಿರುವುದಿಲ್ಲ, ಗ್ಯಾಸೂ ಕಮ್ಮಿ. ಮೊದಲು ಸ್ವಲ್ಪ ರುಚಿ ನೋಡಲೇ ಅಂತ ಕೇಳಿದರೆ ಪುಟ್ಟ ಗ್ಲಾಸಿನಲ್ಲಿ ಒಂದು ಗುಟುಕು ಕೊಡುತ್ತಾರೆ. ಫಾಸ್‌ಗೇಟ್ ಬೀದಿಯ ಬ್ಲೂ ಬೆಲ್ ನನಗೆ ತುಂಬಾ ಇಷ್ಟ. ಪುಟ್ಟ ಜಾಗ, ಒಳಗಿನ ಮರದ ಕೆಲಸ 1903ರದ್ದು. ನದಿ ದಂಡೆಯ ಕಿಂಗ್ಸ್ ಆರ್ಮ್ಸ್‌ಗೆ ಪ್ರವಾಹ ಬಂದಾಗಲೆಲ್ಲ ನೀರು ನುಗ್ಗುತ್ತದೆ. ಯಾವ ವರ್ಷ ಎಷ್ಟು ಎತ್ತರ ಅಂತ ಅಲ್ಲೇ ಗುರುತು ಹಾಕಿದ್ದಾರೆ, ಚಿಕ್ಕಪ್ಪ ಅದನ್ನು ನೋಡಲೇಬೇಕು. ರಾತ್ರಿ ಊಟ ಮಾತ್ರ ಎಂಟರೊಳಗೆ ಹೇಳಿಬಿಡಿ, ಪಬ್ಬು ತೆರೆದಿದ್ದರೂ ಅಡುಗೆಮನೆ ಬೇಗ ಮುಚ್ಚುತ್ತದೆ.

ತಾರೀಖು ಗೊತ್ತಾದ ತಕ್ಷಣ ಗ್ರೂಪಿನಲ್ಲಿ ಹಾಕಿ. ಲೀಡ್ಸ್‌ನಿಂದ ನನಗೆ ಅರ್ಧ ಗಂಟೆ ದಾರಿ, ಶನಿವಾರ ಸ್ಟೇಷನ್ನಿಗೇ ಬರುತ್ತೇನೆ.